ಸುಣ್ಣದ ಗಡಿಗೆಯಿಂದ ಲೀಟರಿನ ಲೆಕ್ಕಕ್ಕೆ

ಹಬ್ಬ ಹತ್ತಿರವಾಯಿತೆಂದರೆ ಹಿಂದೆಲ್ಲ ಹಿತ್ತಲಿನಲ್ಲಿ ಸುಣ್ಣ ಕುದಿಯುತ್ತಿತ್ತು. ಒಲೆಯಿಲ್ಲದ ಆ ಕುದಿತ ಮಕ್ಕಳಿಗೆ ಬೆರಗು. ಸುಟ್ಟ ಸುಣ್ಣಕ್ಕೆ ನೀರು ಬಿದ್ದಾಗ ಹುಟ್ಟುವ ಶಾಖವೇ ಅದಕ್ಕೆ ಕಾರಣ. ಸೋಸಿದ ಸುಣ್ಣಕ್ಕೆ ಒಂದಿಷ್ಟು ಗೋಂದು, ಚಿಟಿಕೆ ನೀಲಿ ಬೆರೆಸಿ ನಾರಿನ ಕುಂಚದಿಂದ ಬಳಿದರೆ ಗೋಡೆ ಬೆಳಗುತ್ತಿತ್ತು. ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ. ಎಷ್ಟು ಬೇಕೆಂದು ಯಾರೂ ಅಳೆಯುತ್ತಿರಲಿಲ್ಲ. ಸಾಲದಿದ್ದರೆ ಇನ್ನಷ್ಟು ಅರಳಿಸಿದರಾಯಿತು.

ಗೋಡೆಯ ಸಿದ್ಧತೆಯೂ ಅಷ್ಟಾಗಿ ಬೇಕಿರಲಿಲ್ಲ. ಸುಣ್ಣಕಲ್ಲನ್ನೋ ಕರಾವಳಿಯ ಚಿಪ್ಪನ್ನೋ ಗೂಡಿನಲ್ಲಿ ಸುಟ್ಟಾಗ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ. ಬಳಿದ ಸುಣ್ಣ ಗಾಳಿಯಿಂದ ಅದೇ ಅನಿಲವನ್ನು ಹೀರಿ ಮತ್ತೆ ಕಲ್ಲಾಗುತ್ತದೆ. ಹೀಗಾಗಿ ಗಾರೆಯ ಗೋಡೆಗೆ ಸುಣ್ಣ ಸ್ವಂತ ಬಂಧು. ಒಳಗಿನ ತೇವ ಅದರ ಮೂಲಕ ಸಲೀಸಾಗಿ ಆರುತ್ತದೆ.

ಬಣ್ಣದ ಉದ್ಯಮ ನಮ್ಮಲ್ಲಿ ಬೇರೂರಿದ್ದು ಕಳೆದ ಶತಮಾನದಲ್ಲಿ. 1902ರಲ್ಲಿ ಹೌರಾದಲ್ಲಿ ಶಾಲಿಮಾರ್, 1937ರಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ, 1942ರಲ್ಲಿ ಮುಂಬಯಿಯಲ್ಲಿ ಏಷ್ಯನ್ ಪೇಂಟ್ಸ್ ಆರಂಭವಾದವು. ಕುಂಚ ಹಿಡಿದ ತುಂಟ ಹುಡುಗ 'ಗಟ್ಟು'ವನ್ನು 1954ರಲ್ಲಿ ಈ ಕಂಪನಿಗಾಗಿ ಬರೆದವರು ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್.

ಡಬ್ಬಿಯ ಬಣ್ಣದೊಂದಿಗೆ ಅಳತೆಯೂ ಬಂತು. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯ ಗೋಡೆಗಳ ಸುತ್ತಳತೆ 44 ಅಡಿ. ವಿಸ್ತೀರ್ಣ 440 ಚದರಡಿ. ಒಂದು ಬಾಗಿಲು, ಎರಡು ಕಿಟಕಿಗಳಿಗೆಂದು 53 ಕಳೆದರೆ ಉಳಿಯುವುದು 387. ಎರಡು ಕೋಟ್‌ಗೆ ಲೀಟರಿಗೆ 100 ಚದರಡಿ ಎಂದು ಡಬ್ಬಿಯ ಮೇಲಿದ್ದರೆ ನಾಲ್ಕು ಲೀಟರ್ ಸಾಕು. ಸೂರಿನ ಲೆಕ್ಕ ಬೇರೆ.

ಆದರೆ ಈ ಬಣ್ಣ ಗೋಡೆಯೊಳಗೆ ಬೆರೆಯುವುದಿಲ್ಲ. ಮೇಲೆ ಪೊರೆಯಾಗಿ ಕೂರುತ್ತದೆ. ಪುಡಿಯುದುರುವ ಹಳೆಯ ಸುಣ್ಣದ ಮೇಲೆ ಬಳಿದರೆ ಹಪ್ಪಳದಂತೆ ಎದ್ದು ಬರುತ್ತದೆ. ಅದಕ್ಕೇ ಕೆರೆಯುವುದು, ಬಿರುಕಿಗೆ ಪುಟ್ಟಿ ತುಂಬುವುದು, ಮರಳು ಕಾಗದದಿಂದ ಉಜ್ಜುವುದು, ಪ್ರೈಮರ್ ಹಚ್ಚುವುದು. ತೇವದ ಗೋಡೆಯಾದರೆ ಮೊದಲು ಸೋರಿಕೆ ನಿಲ್ಲಿಸಬೇಕು. ಬಣ್ಣ ತೇವವನ್ನು ಮುಚ್ಚೀತೇ ಹೊರತು ಆರಿಸದು.

ಕೆರೆಯುವಾಗ ಇನ್ನೊಂದು ಎಚ್ಚರವೂ ಬೇಕು. ಹಳೆಯ ಬಾಗಿಲು, ಕಿಟಕಿಗಳ ಎಣ್ಣೆ ಬಣ್ಣದಲ್ಲಿ ಸೀಸ ಇರಬಹುದು. ಮನೆಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರಲ್ಲಿ ಮಾತ್ರ. ಆ ದೂಳು ಮಕ್ಕಳ ಮಿದುಳಿಗೆ ಮಾರಕ. ಒದ್ದೆ ಮಾಡಿ ಉಜ್ಜುವುದು, ಮಕ್ಕಳನ್ನು ದೂರವಿಡುವುದು ಕ್ಷೇಮ. ಸುಣ್ಣದ ಗಡಿಗೆಯ ಸುತ್ತ ಹಿರಿಯರು ಮಕ್ಕಳನ್ನು ಸುಳಿಯಗೊಡುತ್ತಿರಲಿಲ್ಲ. ಆ ಎಚ್ಚರ ಇಂದಿಗೂ ಸಲ್ಲುತ್ತದೆ.