ಹ್ವಾಜಿಯಾವ್: ಗುಣನಿರ್ಣಯದ ಚರಿತ್ರೆ

ನಾಲಗೆಯನ್ನು ಜುಮ್ಮೆನಿಸುವ ಸಾಂಬಾರ ಪದಾರ್ಥವು ನಮ್ಮ ಕರಾವಳಿಯವರಿಗೆ ಹೊಸದಲ್ಲ. ಮೀನಿನ ಸಾರಿಗೆ ಹಾಕುವ ಜುಮ್ಮನಕಾಯಿಯು ತನ್ನ ಹೆಸರಿನಲ್ಲಿಯೇ ತನ್ನ ಗುಣವನ್ನು ಸಾರುತ್ತದೆ. ಕೊಂಕಣಿಗರು ಇದನ್ನು ತೆಪ್ಪಳವೆನ್ನುತ್ತಾರೆ. ಇದರ ಬಂಧುವಾದ ಹ್ವಾಜಿಯಾವ್ ಚೀನದ, ಅದರಲ್ಲಿಯೂ ಸಿಚುವಾನ್ ಪ್ರಾಂತದ, ಪಾಕದ ಜೀವಾಳ. ಎರಡೂ ನಿಂಬೆಯ ಕುಟುಂಬಕ್ಕೆ ಸೇರಿದ ಜ್ಯಾಂಥಾಕ್ಸೈಲಮ್ ಜಾತಿಯ ಸಸ್ಯಗಳ ಕಾಯಿಗಳು. ಉತ್ತಮವಾದ ಹ್ವಾಜಿಯಾವ್ ಯಾವುದೆಂಬ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಚೀನದ ಪ್ರಾಚೀನ ಗೀತಸಂಕಲನವಾದ ಷಿಜಿಂಗಿನಲ್ಲಿ ‘ಜಿಯಾವ್’ ಎಂಬ ಹೆಸರಿನಿಂದ ಈ ಸಸ್ಯದ ಉಲ್ಲೇಖವುಂಟು. ಹಾನ್ ವಂಶದ ಕಾಲದಲ್ಲಿ ಇದನ್ನು ಬೆರೆಸಿದ ಮಣ್ಣನ್ನು ಸಾಮ್ರಾಜ್ಞಿಯ ಅಂತಃಪುರದ ಗೋಡೆಗಳಿಗೆ ಬಳಿಯುತ್ತಿದ್ದರು. ಛಾಂಗ್‌ಷಾ ನಗರದ ಬಳಿ ೧೯೭೨ರಲ್ಲಿ ಅಗೆದ ಮಾವಾಂಗ್‌ದುಯ್ ಸಮಾಧಿಯಲ್ಲಿ, ಅಂದರೆ ಕ್ರಿ.ಪೂ. ೨ನೆಯ ಶತಮಾನದ ಅವಶೇಷಗಳ ನಡುವೆ, ಈ ಕಾಯಿಗಳೇ ದೊರೆತವು. ಭಾರತದ ಕರಿಮೆಣಸು ಚೀನಕ್ಕೆ ತಲಪಿದಾಗ ಅದಕ್ಕೆ ‘ಹೂಜಿಯಾವ್’, ಎಂದರೆ ಪರದೇಶೀಯರ ಜಿಯಾವ್, ಎಂಬ ಹೆಸರಾಯಿತು. ನಮ್ಮ ಪಶ್ಚಿಮ ಕರಾವಳಿಯ ಮೆಣಸನ್ನು ಚೀನೀಯರು ಈ ಕಾಯಿಯ ಮೂಲಕವೇ ಗುರುತಿಸಿದರೆಂಬುದು ಗಮನಾರ್ಹ.

ಗುಣನಿರ್ಣಯದ ಮೊದಲನೆಯ ಮಾನದಂಡ ಊರಿನ ಹೆಸರು. ಹಳೆಯ ಔಷಧಗ್ರಂಥಗಳು ಛಿನ್ ಸೀಮೆಯ ಜಿಯಾವ್, ಷು ಸೀಮೆಯ ಜಿಯಾವ್ ಎಂದು ಬೇರೆ ಬೇರೆಯಾಗಿ ಹೇಳುತ್ತವೆ; ಷು ಎಂಬುದೇ ಸಿಚುವಾನಿನ ಪ್ರಾಚೀನ ನಾಮ. ಎರಡನೆಯದು ಕಣ್ಣಿನ ಪರೀಕ್ಷೆ. ಹಾನ್ ಯುಗದ ಕೊನೆಯಲ್ಲಿದ್ದ ವೈದ್ಯ ಝಾಂಗ್ ಝೊಂಗ್‌ಜಿಂಗನ ಪರಂಪರೆಯಲ್ಲಿ, ಒಣಗಿದರೂ ಬಾಯಿ ಬಿಡದ ಕಾಯಿಗಳನ್ನು ಆಯ್ದು ತೆಗೆದು, ಉಳಿದವನ್ನು ಬೆವರುವಂತೆ ಹುರಿದುಕೊಳ್ಳಬೇಕೆಂಬ ವಿಧಿಯಿದೆ. ಇದು ಕೇವಲ ಆಚಾರವಾಗಿರಲಿಲ್ಲ. ರುಚಿಯ ಸತ್ತ್ವವೆಲ್ಲವೂ ಸಿಪ್ಪೆಯ ತೈಲಗ್ರಂಥಿಗಳಲ್ಲಿದೆ. ಒಳಗಿನ ಕಪ್ಪು ಬೀಜ ಹಲ್ಲಿಗೆ ಮರಳಿನಂತೆ ಸಿಕ್ಕುತ್ತದೆಯೇ ಹೊರತು ಜುಮ್ಮೆನಿಸದು. ಚೀನವು ೨೦೧೩ರಲ್ಲಿ ಹೊರಡಿಸಿದ ರಾಷ್ಟ್ರೀಯ ಮಾನಕವೂ ಬಾಯಿ ಬಿಡದ ಕಾಯಿಗಳಿಗೆ ಮಿತಿಯನ್ನು ವಿಧಿಸುತ್ತದೆ. ನಮ್ಮ ಕರಾವಳಿಯ ಗೃಹಿಣಿಯರು ಜುಮ್ಮನಕಾಯಿಯ ಬೀಜವನ್ನು ತೆಗೆದೆಸೆಯುವುದೂ ಇದೇ ಅರಿವಿನಿಂದ.

ಮೂರನೆಯದು ರಸಾಯನಶಾಸ್ತ್ರದ ಮಾನದಂಡ. ಜಪಾನಿನ ಸಂಶೋಧಕರು ತಮ್ಮ ನಾಡಿನ ‘ಸನ್ಶೋ’ ಎಂಬ ಸಜಾತೀಯ ಕಾಯಿಯಿಂದ ಬೇರ್ಪಡಿಸಿದ ವಸ್ತುವಿಗೆ ಸ್ಯಾನ್ಷೂಲ್ ಎಂಬ ಹೆಸರು ಬಂದಿತು. ಇಂಗ್ಲೆಂಡಿನ ಕ್ರಾಂಬಿ ಮತ್ತು ಟೇಲರ್ ೧೯೫೭ರಲ್ಲಿ ಈ ವರ್ಗದ ಅಮೈಡುಗಳ ರಚನೆಯನ್ನು ವಿವೇಚಿಸಿದರು. ಹ್ವಾಜಿಯಾವಿನಲ್ಲಿ ಜುಮ್ಮುಂಟುಮಾಡುವ ಪ್ರಧಾನ ವಸ್ತು ಹೈಡ್ರಾಕ್ಸಿ-ಆಲ್ಫಾ-ಸ್ಯಾನ್ಷೂಲ್. ಪರಿಮಳದ ಕಾರಣವಾದರೋ ಬೇರೆ. ಅದು ಲಿನಲೂಲ್, ಲಿಮೊನೀನ್ ಮೊದಲಾದ ಆವಿಶೀಲ ದ್ರವ್ಯಗಳಿಂದ ಉಂಟಾದುದು. ನಾಲಗೆಗೆ ಒಂದಾಗಿ ತೋರುವ ಅನುಭವವು ಪ್ರಯೋಗಶಾಲೆಯಲ್ಲಿ ಹೀಗೆ ಎರಡಾಗಿ ಒಡೆಯಿತು.

ಇಲ್ಲಿಯೇ ತೊಡಕು ಆರಂಭವಾಗುತ್ತದೆ. ಕಾಯಿಯನ್ನು ನೀರಿನೊಡನೆ ಕುದಿಸಿ ಭಟ್ಟಿ ಇಳಿಸಿದರೆ ತೈಲದ ಪ್ರಮಾಣವನ್ನು ಸುಲಭವಾಗಿ ಅಳೆಯಬಹುದು. ಚೀನದ ಔಷಧಕೋಶದ ೨೦೨೦ರ ಆವೃತ್ತಿಯು ನೂರು ಗ್ರಾಮ್ ಕಾಯಿಯಲ್ಲಿ ೧.೫ ಮಿಲಿಲೀಟರಿಗೆ ಕಡಮೆಯಿಲ್ಲದಷ್ಟು ಆವಿಶೀಲ ತೈಲವಿರಬೇಕೆಂದು ವಿಧಿಸುವುದು ಈ ಕ್ರಮವನ್ನು ಅನುಸರಿಸಿಯೇ. ಆದರೆ ಸ್ಯಾನ್ಷೂಲ್ ಆವಿಯೊಡನೆ ಏರಿಬರುವ ವಸ್ತುವಲ್ಲ. ಆದುದರಿಂದ ಈ ಅಳತೆಯು ಪರಿಮಳವನ್ನು ಹೇಳುತ್ತದೆ, ಜುಮ್ಮನ್ನು ಹೇಳುವುದಿಲ್ಲ. ಅಮೈಡುಗಳನ್ನು ದ್ರಾವಕದಲ್ಲಿ ಇಳಿಸಿ, ದ್ರವ ವರ್ಣರೇಖನದಿಂದ ಬೇರ್ಪಡಿಸಿ, ೨೭೦ ನ್ಯಾನೊಮೀಟರ್ ಸುಮಾರಿನ ಅತಿನೇರಿಳೆ ಬೆಳಕಿನಲ್ಲಿ ಅಳೆಯಬೇಕಾಗುತ್ತದೆ. ಅಷ್ಟಾದರೂ ಶ್ರಮ ಮುಗಿಯದು. ಬೆಳಕು, ಗಾಳಿ, ಆಮ್ಲಗಳ ಸಂಪರ್ಕದಲ್ಲಿ ಸ್ಯಾನ್ಷೂಲ್ ಬೇಗ ಕೆಡುತ್ತದೆ. ಆದುದರಿಂದ ಸುಗ್ಗಿಯಲ್ಲಿ ಪಡೆದ ಅಂಕಿಯು ವರ್ಷಕಾಲ ಅಂಗಡಿಯಲ್ಲಿದ್ದ ಸರಕಿಗೆ ಸಲ್ಲದು.

ನಾಲಗೆಯ ಸಾಕ್ಷ್ಯವನ್ನೂ ವಿಜ್ಞಾನಿಗಳು ಕಡೆಗಣಿಸಲಿಲ್ಲ. ಲಂಡನ್ನಿನ ಸಂಶೋಧಕರು ೨೦೧೩ರಲ್ಲಿ, ಹ್ವಾಜಿಯಾವನ್ನು ತುಟಿಗೆ ಸವರಿಸಿಕೊಂಡವರಿಗೆ ಬೆರಳ ತುದಿಯಲ್ಲಿ ಯಂತ್ರದ ಕಂಪನವನ್ನು ನೀಡಿ ಎರಡನ್ನೂ ಹೋಲಿಸುವಂತೆ ಕೇಳಿದರು. ತುಟಿಯ ಜುಮ್ಮು ಸೆಕೆಂಡಿಗೆ ಸುಮಾರು ೫೦ ಬಾರಿಯ ಕಂಪನಕ್ಕೆ ಸಮನೆಂದು ಕಂಡುಬಂದಿತು. ಜುಮ್ಮು ರುಚಿಯೂ ಅಲ್ಲ, ವಾಸನೆಯೂ ಅಲ್ಲ. ಅದು ಸ್ಪರ್ಶಕ್ಕೆ ಸಮೀಪವಾದ ಅನುಭವವೆಂದು ಇದರಿಂದ ಸ್ಪಷ್ಟವಾಗುತ್ತದೆ.

ಊರಿನ ಹೆಸರು, ಕಣ್ಣು, ಉಪಕರಣ: ಈ ಮೂರರಲ್ಲಿ ಹಿಂದಿನದನ್ನು ಮುಂದಿನದು ಸಂಪೂರ್ಣವಾಗಿ ತಳ್ಳಿಹಾಕಿಲ್ಲ. ಸುಲಭವಾಗಿ ಅಳೆಯಬಹುದಾದುದನ್ನೇ ಗುಣವೆಂದು ಭ್ರಮಿಸಿದರೆ, ಪರಿಮಳವಿದ್ದೂ ಜುಮ್ಮಿಲ್ಲದ ಸರಕು ಉತ್ತಮವೆನಿಸಿ, ಶ್ರದ್ಧೆಯಿಂದ ಬೆಳೆದು ಒಣಗಿಸಿದ ರೈತನ ಬೆಳೆಗೆ ಅನ್ಯಾಯವಾದೀತು. ಯಾವುದೇ ಅಂಕಿಯನ್ನು ಅಂಗೀಕರಿಸುವ ಮುನ್ನ ಅದು ಅಳೆದುದೇನು ಎಂದು ಕೇಳಬೇಕಾದುದು ರಸಾಯನಶಾಸ್ತ್ರದ ವಿದ್ಯಾರ್ಥಿಗೆ ಎಷ್ಟು ಅಗತ್ಯವೋ ಚರಿತ್ರೆಯ ವಿದ್ಯಾರ್ಥಿಗೂ ಅಷ್ಟೇ ಅಗತ್ಯವೆಂದು ನಾವು ಭಾವಿಸುತ್ತೇವೆ.