ಒಂದು ಇಂಚಿನ ಮೂರು ಪೈಪುಗಳು: ಅಕ್ವೇರಿಯಂ ಸಂಪ್‌ನ ಜೋಡಣೆ ಕುರಿತು ಒಂದು ಟಿಪ್ಪಣಿ

ಅಕ್ವೇರಿಯಂ ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಇನ್ನೊಂದು ತೊಟ್ಟಿ ಇಟ್ಟು, ಮೇಲಿನ ನೀರು ತಾನಾಗಿ ಅದಕ್ಕೆ ಇಳಿದು, ಸೋಸಿದ ಮೇಲೆ ಪಂಪಿನ ಮೂಲಕ ಮತ್ತೆ ಮೇಲೇರುವಂತೆ ಮಾಡುವ ಏರ್ಪಾಡೇ ಸಂಪ್. ಫಿಲ್ಟರಿನ ವಿಚಾರವನ್ನು ಬದಿಗಿಟ್ಟು, ಎರಡು ತೊಟ್ಟಿಗಳನ್ನು ಕೂಡಿಸುವ ಪೈಪು ಮತ್ತು ಫಿಟಿಂಗ್‌ಗಳನ್ನಷ್ಟೇ ಇಲ್ಲಿ ಪರಿಶೀಲಿಸಿದ್ದೇನೆ. ಜಾಯಿಂಟ್ ಸೋರಿದಾಗ ನಾವು ಸಾಮಾನ್ಯವಾಗಿ ದೂರುವುದು ಸಾಲ್ವೆಂಟ್ ಸಿಮೆಂಟನ್ನು, ಇಲ್ಲವೇ ಟೆಫ್ಲಾನ್ ಟೇಪನ್ನು. ಅದಕ್ಕಿಂತ ಮೊದಲು ನೋಡಬೇಕಾದದ್ದು ಬೇರೆ ಬೇರೆ ಅಳತೆ ಪದ್ಧತಿಯ ಸಾಮಾನುಗಳು ಒಂದೇ ಸಾಲಿನಲ್ಲಿ ಸೇರಿವೆಯೇ ಎಂಬುದನ್ನು ಎನ್ನುವುದು ನನ್ನ ವಾದ.

ಅಂಗಡಿಯಲ್ಲಿ 'ಒಂದು ಇಂಚಿನ ಪೈಪು' ಕೇಳಿದರೆ ಮೂರು ಬಗೆಯದ್ದು ಸಿಗಬಹುದು. ಐಎಸ್ 4985 ಪ್ರಕಾರ ತಯಾರಾದ ಪಿವಿಸಿ ಪೈಪಿನ ಅಳತೆ ಮಿಲಿಮೀಟರ್ ಲೆಕ್ಕದ್ದು. ಅದರಲ್ಲಿ ಒಂದು ಇಂಚು ಎನ್ನುವುದರ ಹೊರವ್ಯಾಸ 32 ಮಿ.ಮೀ. ಎಎಸ್‌ಟಿಎಂ ಪದ್ಧತಿಯ ಬಿಳಿ ಯುಪಿವಿಸಿ, ಅಂದರೆ ಶೆಡ್ಯೂಲ್ 40 ಮತ್ತು 80 ಎಂದು ಮಾರುವ ಪೈಪು, 33.4 ಮಿ.ಮೀ. ಬಿಸಿನೀರಿಗೆ ಬಳಸುವ ಸಿಪಿವಿಸಿ ಪೈಪಿನ ಅಳತೆ ತಾಮ್ರದ ಕೊಳವೆಗಳ ಪದ್ಧತಿಯಿಂದ ಬಂದದ್ದು. ಅದರ ಹೊರವ್ಯಾಸ 28.6 ಮಿ.ಮೀ. ಮನೆ ಕಟ್ಟುವಾಗ ಈ ಗೊಂದಲ ಅಷ್ಟಾಗಿ ತಲೆದೋರುವುದಿಲ್ಲ, ಏಕೆಂದರೆ ಪ್ಲಂಬರ್ ಒಂದೇ ಬಗೆಯ ಸಾಮಾನನ್ನು ಒಟ್ಟಿಗೆ ತರುತ್ತಾನೆ. ಅಕ್ವೇರಿಯಂನವರು ಹಾಗಲ್ಲ. ಎಲ್ಬೋ ಒಂದು ಅಂಗಡಿಯಿಂದ, ಬಾಲ್ ವಾಲ್ವ್ ಇನ್ನೊಂದರಿಂದ, ಟ್ಯಾಂಕ್ ಕನೆಕ್ಟರ್ ಆನ್‌ಲೈನಿನಿಂದ, ಪೈಪಿನ ತುಂಡು ಮನೆಯ ಅಟ್ಟದಿಂದ ಬರುತ್ತದೆ.

32ರ ಪೈಪನ್ನು 33.4ರ ಸಾಕೆಟ್‌ಗೆ ಹಾಕಿದರೆ ಸುತ್ತಲೂ ಸುಮಾರು 0.7 ಮಿ.ಮೀ. ಸಂದು ಉಳಿಯುತ್ತದೆ. ಸಾಲ್ವೆಂಟ್ ಸಿಮೆಂಟ್ ಸಂದು ತುಂಬುವ ಗಮ್ಮಲ್ಲ. ಅದು ಎರಡೂ ಪ್ಲಾಸ್ಟಿಕ್ ಮೇಲ್ಮೈಗಳನ್ನು ಕರಗಿಸುತ್ತದೆ. ಒತ್ತಿ ಹಿಡಿದಾಗ ಅವು ಒಂದಾಗುತ್ತವೆ, ದ್ರಾವಕ ಆವಿಯಾದ ಮೇಲೆ ಗಟ್ಟಿಯಾಗುತ್ತವೆ. ಮೇಲ್ಮೈಗಳು ಒಂದನ್ನೊಂದು ಮುಟ್ಟದಿದ್ದರೆ ಬೆಸುಗೆಯೇ ಇಲ್ಲ. ಇದನ್ನು ಪರೀಕ್ಷಿಸಲು ಸುಲಭದ ಉಪಾಯವೊಂದಿದೆ. ಶೆಡ್ಯೂಲ್ ಪದ್ಧತಿಯ ಸಾಕೆಟ್ ಒಳಗೆ ಹೋದಂತೆ ತುಸು ಕಿರಿದಾಗುತ್ತದೆ. ಸಿಮೆಂಟ್ ಹಚ್ಚದೆ ಒಣಗಿದ ಪೈಪನ್ನು ಕೈಯಿಂದ ತೂರಿಸಿದರೆ ಅದು ಸಾಕೆಟ್ಟಿನ ಆಳದ ಮೂರನೇ ಒಂದರಿಂದ ಮೂರನೇ ಎರಡರ ನಡುವೆ ಎಲ್ಲೋ ಬಿಗಿಯಾಗಿ ನಿಲ್ಲಬೇಕು. ಸಲೀಸಾಗಿ ತಳ ಮುಟ್ಟಿ ಅಲ್ಲಾಡಿದರೆ ಆ ಎರಡು ಒಂದೇ ಜಾತಿಯವಲ್ಲ. ಇದಕ್ಕೆ ವಿರುದ್ಧವಾಗಿ, ಪೈಪು ದಪ್ಪವಾಗಿ ಸಾಕೆಟ್ ಚಿಕ್ಕದಾದಾಗ ಬೆಂಕಿ ತೋರಿಸಿ ಬಾಯಿ ಅಗಲಿಸುವ ರೂಢಿ ನಮ್ಮಲ್ಲಿದೆ. ಹಾಗೆ ಅಗಲಿಸಿದ ಬಾಯಿ ಒಂದೆಡೆ ತೆಳ್ಳಗಾಗಿ, ದುಂಡು ಕೆಟ್ಟಿರುತ್ತದೆ. ತೋಟದ ನೀರಿನ ಸಾಲಿಗೆ ನಡೆದೀತು. ಮರದ ಕಪಾಟಿನೊಳಗೆ ಹಗಲಿರುಳು ಹರಿಯುವ ನೀರಿಗೆ ಬೇಡ.

ಹೊರವ್ಯಾಸದ ಜೊತೆಗೆ ಒಳವ್ಯಾಸವೂ ಬದಲಾಗುತ್ತದೆ ಎಂಬುದನ್ನು ಹಲವರು ಗಮನಿಸುವುದಿಲ್ಲ. ಒಂದು ಇಂಚಿನ ಶೆಡ್ಯೂಲ್ 40 ಪೈಪಿನ ಒಳವ್ಯಾಸ ಸುಮಾರು 26.6 ಮಿ.ಮೀ.; ಎಸ್‌ಡಿಆರ್ 11 ದರ್ಜೆಯ ಸಿಪಿವಿಸಿಯದು ಸುಮಾರು 23.4. ಪ್ರಕ್ಷುಬ್ಧವಾಗಿ ಹರಿಯುವ ನೀರಿನಲ್ಲಿ, ಹರಿವಿನ ಪ್ರಮಾಣ ಅಷ್ಟೇ ಇದ್ದರೆ, ಘರ್ಷಣೆಯ ನಷ್ಟ ಒಳವ್ಯಾಸದ ಐದನೇ ಘಾತಕ್ಕೆ ಹೆಚ್ಚುಕಡಿಮೆ ವಿಲೋಮವಾಗಿರುತ್ತದೆ. ಅಂದರೆ ಬರೀ ಮೂರು ಮಿಲಿಮೀಟರಿನ ವ್ಯತ್ಯಾಸಕ್ಕೆ ನಷ್ಟ ಸುಮಾರು 1.9 ಪಟ್ಟು. ಮುಕ್ಕಾಲು ಇಂಚಿನ ಸಿಪಿವಿಸಿಗೆ ಇಳಿದರೆ ಆರೂವರೆ ಪಟ್ಟನ್ನೂ ಮೀರುತ್ತದೆ. ಪಂಪಿನ ಡಬ್ಬಿಯ ಮೇಲಿನ ಲೀಟರ್ ಲೆಕ್ಕ ಮನೆಯಲ್ಲಿ ಏಕೆ ಸಿಗುವುದಿಲ್ಲ ಎಂದು ಕೇಳುವವರು ಏರಬೇಕಾದ ಎತ್ತರದ ಜೊತೆಗೆ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇನ್ನು ಒತ್ತಡದ ಮಾತು. ಸಂಪ್‌ನಿಂದ ತೊಟ್ಟಿಯ ಅಂಚಿಗೆ ಒಂದೂವರೆ ಮೀಟರ್ ಎತ್ತರ ಎಂದುಕೊಂಡರೆ ನಿಂತ ನೀರಿನ ಒತ್ತಡ ಚದರ ಸೆಂಟಿಮೀಟರಿಗೆ 0.15 ಕಿಲೋ ಮಾತ್ರ. 6 ಕಿಲೋ ದರ್ಜೆಯ ಪೈಪಿಗೆ ಇದು ಲೆಕ್ಕಕ್ಕೇ ಇಲ್ಲ. ಆದ್ದರಿಂದ ಹೆಚ್ಚು ದರ್ಜೆಯ ದಪ್ಪ ಪೈಪಿಗೆ ದುಡ್ಡು ಸುರಿಯುವುದರಿಂದ ಲಾಭವಿಲ್ಲ. ಒಳವ್ಯಾಸ ಕಿರಿದಾಗಿ ನಷ್ಟವೇ ಆದೀತು. ಆ ದುಡ್ಡು ಯೂನಿಯನ್‌ಗಳಿಗೆ ಹೋಗಲಿ. ಪಂಪಿನ ಬಳಿ ಒಂದು, ಪ್ರತಿ ವಾಲ್ವಿನ ಪಕ್ಕದಲ್ಲಿ ಒಂದು ಯೂನಿಯನ್ ಇದ್ದರೆ ಮುಂದೆ ಗರಗಸ ಹಿಡಿಯದೆ ಬಿಚ್ಚಿ ತೊಳೆಯಬಹುದು.

ಎರಡು ಜಾತಿಯ ಪೈಪುಗಳು ಕೂಡಲೇಬೇಕಾದರೆ ಅವು ಥ್ರೆಡ್‌ನಲ್ಲಿ ಕೂಡಲಿ. ಒಂದರ ಎಂಟಿಎ (ಹೊರ ಥ್ರೆಡ್‌ನ ಅಡಾಪ್ಟರ್), ಇನ್ನೊಂದರ ಎಫ್‌ಟಿಎ (ಒಳ ಥ್ರೆಡ್‌ನ ಅಡಾಪ್ಟರ್) ತಂದರೆ ನಮ್ಮ ದೇಶದಲ್ಲಿ ಎರಡೂ ಸಾಮಾನ್ಯವಾಗಿ ಬಿಎಸ್‌ಪಿ ಥ್ರೆಡ್‌ನವೇ ಆಗಿರುತ್ತವೆ. ಅಮೆರಿಕದಿಂದ ತರಿಸಿದ ಟ್ಯಾಂಕ್ ಕನೆಕ್ಟರ್ ಅಥವಾ ಪಂಪ್ ಎನ್‌ಪಿಟಿಯದ್ದಾಗಿದ್ದರೆ ಮಾತ್ರ ತೊಂದರೆ. ಬಿಎಸ್‌ಪಿ ಥ್ರೆಡ್‌ನ ಕೋನ 55 ಡಿಗ್ರಿ, ಎನ್‌ಪಿಟಿಯದು 60. ಒಂದು ಇಂಚಿನಲ್ಲಿ ಮೊದಲನೆಯದಕ್ಕೆ ಇಂಚಿಗೆ 11 ಸುತ್ತು, ಎರಡನೆಯದಕ್ಕೆ 11.5, ಹಾಗಾಗಿ ಕೆಲವೇ ಸುತ್ತಿಗೆ ಸಿಕ್ಕಿಕೊಂಡು ತಪ್ಪು ಗೊತ್ತಾಗಿಬಿಡುತ್ತದೆ. ಮೋಸ ಹೋಗುವುದು ಅರ್ಧ ಮತ್ತು ಮುಕ್ಕಾಲು ಇಂಚಿನಲ್ಲಿ. ಅಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತೇ. ಒಂದರೊಳಗೊಂದು ತಿರುಗಿ ಕೂತು ಸರಿಯಾದಂತೆ ಕಾಣುತ್ತದೆ, ಆದರೆ ಏಣುಗಳು ಕಣಿವೆಗಳಲ್ಲಿ ಪೂರ್ತಿ ಕೂಡುವುದಿಲ್ಲ. ಟೇಪ್ ಹೆಚ್ಚು ಸುತ್ತಿ ಬಿಗಿ ಮಾಡಿದರೆ ಹೊರಗಿನ ಪ್ಲಾಸ್ಟಿಕ್ ಸಾಕೆಟ್ ಸೀಳುತ್ತದೆ, ಅದೂ ಕೆಲವೊಮ್ಮೆ ವಾರಗಳ ನಂತರ. ಸರಿಯಾದ ಜೋಡಿಗೆ ಥ್ರೆಡ್ ತಿರುಗುವ ದಿಕ್ಕಿನಲ್ಲೇ ಮೂರ್ನಾಲ್ಕು ಸುತ್ತು ಟೇಪ್, ಕೈಬಿಗಿತದ ಮೇಲೆ ಒಂದು ಸುತ್ತು, ಹೆಚ್ಚೆಂದರೆ ಒಂದೂವರೆ ಸಾಕು.

ಗಾಜಿನ ತೂತಿಗೆ ಕೂರಿಸುವ ಟ್ಯಾಂಕ್ ಕನೆಕ್ಟರ್ ಇಡೀ ವ್ಯವಸ್ಥೆಯ ಅತಿ ಸೂಕ್ಷ್ಮ ಜಾಗ. ಮೊದಲ ನಿಯಮ, ಕನೆಕ್ಟರ್ ಕೈಯಲ್ಲಿ ಹಿಡಿದು ಅದರ ಥ್ರೆಡ್‌ನ ಹೊರವ್ಯಾಸವನ್ನು ವರ್ನಿಯರ್‌ನಿಂದ ಅಳೆಯದೆ ಗಾಜಿಗೆ ತೂತು ಹೊಡೆಸಬಾರದು. 'ಒಂದು ಇಂಚು' ಎಂದು ಬರೆದ ಕನೆಕ್ಟರಿಗೆ ಬೇಕಾದ ತೂತು ಒಂದು ಇಂಚಿಗಿಂತ ಬಹಳ ದೊಡ್ಡದು, ಮತ್ತು ಅದು ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ತೂತಿನ ಅಂಚಿನಿಂದ ಗಾಜಿನ ಅಂಚಿಗೆ ಕಡೇಪಕ್ಷ ತೂತಿನ ವ್ಯಾಸದಷ್ಟು ಜಾಗ ಬಿಡಬೇಕು. ಟಫನ್ ಮಾಡಿದ ಗಾಜಾದರೆ ಕೊರೆಯುವ ಯೋಚನೆಯನ್ನೇ ಬಿಡಬೇಕು, ಅದು ಚೂರುಚೂರಾಗುತ್ತದೆ.

ಕೂರಿಸುವಾಗ ಕನೆಕ್ಟರಿನ ಅಗಲದ ತಲೆ ತೊಟ್ಟಿಯ ಒಳಗೆ, ರಬ್ಬರ್ ವಾಷರ್ ಆ ತಲೆಯ ಅಡಿಯಲ್ಲಿ, ನಟ್ ಹೊರಗೆ. ನಮ್ಮ ಅಂಗಡಿಗಳಲ್ಲಿ ಸಿಗುವ ಕನೆಕ್ಟರ್‌ಗಳು ಬಹುಪಾಲು ಮನೆಯ ಮೇಲಿನ ಪ್ಲಾಸ್ಟಿಕ್ ಟ್ಯಾಂಕಿಗೆಂದೇ ಮಾಡಿದಂಥವು. ಅವುಗಳ ಜೊತೆ ಎರಡು ರಬ್ಬರ್ ವಾಷರ್ ಬಂದಿರುತ್ತವೆ. ಬಾಗಿದ ಪ್ಲಾಸ್ಟಿಕ್ ಗೋಡೆಗೆ ಎರಡೂ ಬೇಕು. ಚಪ್ಪಟೆ ಗಾಜಿಗೆ ನಟ್ಟಿನ ಕಡೆಯ ರಬ್ಬರ್ ಅಡ್ಡಿಯೇ ಆಗುತ್ತದೆ: ನಟ್ ತಿರುಗಿದಂತೆ ರಬ್ಬರೂ ತಿರುಚಿಕೊಂಡು ಸುಕ್ಕಾಗುತ್ತದೆ, ಬಿಗಿತ ಎಲ್ಲ ಕಡೆ ಒಂದೇ ಸಮನಾಗಿರುವುದಿಲ್ಲ. ಅಲ್ಲಿ ನುಣುಪಾದ ತೆಳು ಪ್ಲಾಸ್ಟಿಕ್ ವಾಷರ್ ಸಾಕು. ರಬ್ಬರಿಗೆ ಸಿಲಿಕೋನ್ ಬಳಿಯುವವರಿದ್ದಾರೆ. ಹಸಿ ಸಿಲಿಕೋನ್ ಮೇಲೆ ವಾಷರ್ ಜಾರಿ ಪಕ್ಕಕ್ಕೆ ಉಬ್ಬುವುದರಿಂದ ನಾನು ಅದನ್ನು ಒಪ್ಪುವುದಿಲ್ಲ. ಗಾಜನ್ನೂ ರಬ್ಬರನ್ನೂ ಒರೆಸಿ, ಕೈಬಿಗಿತದ ಮೇಲೆ ಕಾಲು ಸುತ್ತಿಗೆ ನಿಲ್ಲಿಸಬೇಕು. ಕನೆಕ್ಟರಿನ ಮೇಲೆ ಉದ್ದನೆಯ ಪೈಪಿನ ತೂಕ ಜೋತುಬೀಳದಂತೆ ಕೆಳಗೆ ಕ್ಲ್ಯಾಂಪ್ ಕೊಡುವುದು ಅಷ್ಟೇ ಮುಖ್ಯ.

ಲೋಹದ ವಿಷಯದಲ್ಲಿ ನನ್ನ ನಿಲುವು ಕಟ್ಟುನಿಟ್ಟು. ಸೀಗಡಿ, ಬಸವನಹುಳು, ಹವಳಗಳಿಗೆ ತಾಮ್ರ ಅತಿ ಕಡಿಮೆ ಪ್ರಮಾಣದಲ್ಲೂ ವಿಷ. ನಲ್ಲಿ ಕೂರಿಸಲೆಂದು ಮಾಡಿದ ಸಿಪಿವಿಸಿ ಎಲ್ಬೋಗಳಲ್ಲಿ ಹಿತ್ತಾಳೆಯ ಥ್ರೆಡ್ ಒಳಗೇ ಅಡಗಿರುತ್ತದೆ. ಹೊರಗಿನಿಂದ ನೋಡಿದರೆ ಬರೀ ಪ್ಲಾಸ್ಟಿಕ್. ಬಾಯಿಗೆ ಟಾರ್ಚ್ ಹಿಡಿದು ನೋಡಿಯೇ ಕೊಳ್ಳಬೇಕು. ಹಳೆಯ ದಾಸ್ತಾನಿನ ಪಿವಿಸಿ ತುಂಡುಗಳನ್ನೂ ದೂರವಿಡುವುದು ಲೇಸು. ಪಿವಿಸಿ ಪೈಪುಗಳಲ್ಲಿ ಸೀಸದ ಸ್ಟೆಬಿಲೈಸರ್ ಬಳಕೆಯನ್ನು ನಿರ್ಬಂಧಿಸುವ ನಿಯಮವನ್ನು ಕೇಂದ್ರ ಸರ್ಕಾರ ಹೊರಡಿಸಿದ್ದು 2021ರಲ್ಲಷ್ಟೇ. ಸಮುದ್ರದ ನೀರಿನ ತೊಟ್ಟಿಯಾದರೆ ಮಾಮೂಲಿ ಸ್ಟೀಲ್ ಹೋಸ್ ಕ್ಲಿಪ್ ಕೂಡ ತುಕ್ಕು ಹಿಡಿಯುತ್ತದೆ, ಪ್ಲಾಸ್ಟಿಕ್ ಕ್ಲಿಪ್ಪೇ ಮೇಲು.

ಇಳಿಯುವ ಸಾಲಿಗೆ ಬರೋಣ. ಮೂರಡಿ ಉದ್ದ, ಒಂದೂವರೆ ಅಡಿ ಅಗಲದ ತೊಟ್ಟಿಗೆ ಗಂಟೆಗೆ 1,500 ಲೀಟರ್ ಹರಿವು ಸಾಕು ಎಂದುಕೊಳ್ಳೋಣ. ಗಾಳಿ ಸೇರದೆ ಪೂರ್ತಿ ಸೈಫನ್ ಆಗಿ ಹರಿಯುವ ಒಂದು ಇಂಚಿನ ಶೆಡ್ಯೂಲ್ 40 ಪೈಪು, 75 ಸೆಂ.ಮೀ. ಇಳಿತಕ್ಕೆ, ಘರ್ಷಣೆ ಬಿಟ್ಟ ಲೆಕ್ಕದಲ್ಲಿ ಗಂಟೆಗೆ 7,600 ಲೀಟರ್ ಮೀರಿ ಇಳಿಸಬಲ್ಲದು. ನಷ್ಟಗಳಿಂದ ಅದು ಅರ್ಧಕ್ಕಿಳಿದರೂ ನಮ್ಮ ಅಗತ್ಯಕ್ಕಿಂತ ಎಷ್ಟೋ ಹೆಚ್ಚು. ಹಾಗಾಗಿ ಅದನ್ನು ವಾಲ್ವಿನಿಂದ ತಗ್ಗಿಸಿ ಪಂಪಿನ ಹರಿವಿಗೆ ಸರಿಗಟ್ಟಬೇಕು, ಇಲ್ಲವಾದರೆ ಪೈಪು ಗಾಳಿ ನುಂಗುತ್ತಾ ಗೊರಗುಟ್ಟುತ್ತದೆ. ಹವ್ಯಾಸಿಗಳು ಹರ್ಬಿ ಪದ್ಧತಿ ಎನ್ನುವುದು ಇದನ್ನೇ: ಒಂದು ಸೈಫನ್ ಪೈಪು, ಅದಕ್ಕೆ ವಾಲ್ವ್, ಪಕ್ಕದಲ್ಲಿ ಬಾಯಿ ತುಸು ಎತ್ತರದಲ್ಲಿರುವ ಇನ್ನೊಂದು ತುರ್ತು ಪೈಪು, ಅದಕ್ಕೆ ಎಂದೂ ವಾಲ್ವ್ ಇಲ್ಲ. ಬಾಲ್ ವಾಲ್ವ್ ಕಾಲು ಸುತ್ತಿನಲ್ಲೇ ಪೂರ್ತಿ ಮುಚ್ಚುವುದರಿಂದ ನವಿರಾದ ಹೊಂದಾಣಿಕೆಗೆ ಗೇಟ್ ವಾಲ್ವ್ ಉತ್ತಮ. ಎಲ್ಲೆಡೆ ಸುಲಭವಾಗಿ ಸಿಗುವ ಗೇಟ್ ವಾಲ್ವ್ ಹಿತ್ತಾಳೆಯದು. ಹುಡುಕಿ ಪ್ಲಾಸ್ಟಿಕ್‌ನದನ್ನೇ ತರಬೇಕು. ಸೈಫನ್ ಪೈಪಿನ ಕೆಳತುದಿ ಸಂಪ್ ನೀರಿನಲ್ಲಿ ಎರಡು ಮೂರು ಸೆಂಟಿಮೀಟರ್ ಮಾತ್ರ ಮುಳುಗಿರಲಿ. ಹೆಚ್ಚು ಆಳವಾದರೆ ಒಳಗಿನ ಗಾಳಿ ಹೊರಬೀಳಲಾರದೆ ಸೈಫನ್ ಶುರುವಾಗುವುದೇ ಕಷ್ಟ.

ಕರೆಂಟು ಹೋದಾಗ, ಪಂಪಿನಿಂದ ಮೇಲೇರುವ ರಿಟರ್ನ್ ಪೈಪಿನ ನೀರು ಹಿಮ್ಮುಖವಾಗಿ ಇಳಿಯುತ್ತದೆ. 90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ತೊಟ್ಟಿಯಲ್ಲಿ ರಿಟರ್ನಿನ ಬಾಯಿ 5 ಸೆಂ.ಮೀ. ಮುಳುಗಿದ್ದರೆ 20 ಲೀಟರಿಗೂ ಹೆಚ್ಚು ನೀರು ಸಂಪ್‌ಗೆ ಬರುತ್ತದೆ, ಇಳಿಯುವ ಪೈಪುಗಳಿರುವ ಓವರ್‌ಫ್ಲೋ ಬಾಕ್ಸಿನ ನೀರು ಬೇರೆ. ಹಿಮ್ಮುಖ ಹರಿವು ತಡೆಯುವ ಚೆಕ್ ವಾಲ್ವ್ ನಂಬಿ ಕೂರುವುದು ಸರಿಯಲ್ಲ: ನಮ್ಮ ಕೊಳವೆಬಾವಿಗಳ ಗಡಸು ನೀರು ಬಿಡುವ ಸುಣ್ಣದ ಪದರವೋ ಒಂದು ಸಣ್ಣ ಬಸವನಹುಳುವೋ ಅದರ ಬಾಯಿಯನ್ನು ಅರೆತೆರೆದಂತೆ ಇರಿಸಲು ಸಾಕು. ಸೈಫನ್ ಮುರಿಯಲು ರಿಟರ್ನ್ ಪೈಪಿಗೆ ನೀರಿನ ಮಟ್ಟಕ್ಕೆ ಸ್ವಲ್ಪ ಕೆಳಗೆ ಕೊರೆಯುವ ತೂತೂ ಪಾಚಿಯಿಂದ ಮುಚ್ಚಿಹೋಗುತ್ತದೆ. ಅಷ್ಟೂ ನೀರು ಹಿಡಿಸುವ ಖಾಲಿ ಜಾಗ ಸಂಪ್‌ನಲ್ಲೇ ಇರಬೇಕು. ಮೀನು ಬಿಡುವ ಮೊದಲೇ ಬರೀ ನೀರಿನಲ್ಲಿ ಪಂಪ್ ನಿಲ್ಲಿಸಿ, ಇಳಿತ ನಿಂತ ಮೇಲೂ ಸಂಪ್‌ನ ಅಂಚು ಮುಟ್ಟದಂತೆ ಮಟ್ಟ ಹೊಂದಿಸಿ, ಮತ್ತೆ ಪಂಪ್ ಓಡಿಸಿ ಆಗಿನ ಮಟ್ಟಕ್ಕೆ ಮಾರ್ಕರ್‌ನಿಂದ ಗೆರೆ ಎಳೆಯಬೇಕು. ನಂತರ ಸೈಫನ್ನಿನ ವಾಲ್ವನ್ನು ಪೂರ್ತಿ ಮುಚ್ಚಿ, ತುರ್ತು ಪೈಪೊಂದೇ ಪಂಪಿನ ಎಲ್ಲ ನೀರನ್ನೂ ಇಳಿಸುತ್ತದೆಯೇ ಎಂದು ನೋಡಬೇಕು. ಮೇಲಿನ ತೊಟ್ಟಿಯ ಮಟ್ಟ ಏರುತ್ತಲೇ ಹೋದರೆ ತುರ್ತು ಪೈಪಿನ ಗಾತ್ರ ಸಾಲದು. ಅದನ್ನು ಬದಲಿಸಿದ ಮೇಲೆಯೇ ಮುಂದಿನ ಕೆಲಸ.