ಪೆಟ್ಟಿಗೆಯ ಮೇಲೊಂದು ಪೆಟ್ಟಿಗೆ

ಕಳೆದ ಆಷಾಢದಲ್ಲಿ ಮೊಮ್ಮಗ ಬೆಂಗಳೂರಿನಿಂದ ಬಂದಾಗ ಅವನೊಡನೆ ಎರಡು ವಸ್ತುಗಳೂ ಬಂದು ನಮ್ಮ ನಡುಮನೆಯನ್ನು ಆಕ್ರಮಿಸಿದವು. ಮೊದಲನೆಯದು ಊಟದ ತಟ್ಟೆಗಿಂತ ಕೊಂಚ ದೊಡ್ಡದಾದ, ಗುಂಡಿಗಳೂ ಪುಟ್ಟ ಪರದೆಯೂ ಇರುವ ಲೋಹದ ಹಲಗೆ. ಅದಕ್ಕೆ ಮಾಡೆಲರ್ ಎಂದು ಹೆಸರಂತೆ. ಎರಡನೆಯದು ಕಪ್ಪು ರೆಕ್ಸಿನ್ ಹೊದಿಸಿದ ಭಾರವಾದ ಮರದ ಪೆಟ್ಟಿಗೆ, ಅದರೊಳಗೆ ಎರಡು ಸ್ಪೀಕರುಗಳು, ಅದರ ನೆತ್ತಿಯ ಮೇಲೆ ಯಾರಿಂದಲೋ ಅಗ್ಗಕ್ಕೆ ಕೊಂಡ ಹಳೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್. ಹುಡುಗನ ಮುಖ ಬಾಡಿತ್ತು. ವಿಚಾರಿಸಿದೆ.

"ಹತ್ತು ತಿಂಗಳು ದುಡ್ಡು ಕೂಡಿಸಿ ತಗೊಂಡೆ ತಾತ. ಇಯರ್‌ಫೋನಲ್ಲಿ ಕೇಳಿದ್ರೆ ಅದ್ಭುತವಾಗಿದೆ. ಈ ಪೆಟ್ಟಿಗೆಗೆ ಹಾಕಿದ್ರೆ ಕಂಬಳಿ ಹೊದ್ಕೊಂಡು ಹಾಡಿದ ಹಾಗೆ ಕೇಳ್ಸುತ್ತೆ. ಮುಂದಿನ ವಾರ ನಮ್ಮ ಪ್ರೋಗ್ರಾಂ ಇದೆ. ಅದಾದ್ಮೇಲೆ ಇದನ್ನ ಮಾರಿಬಿಡ್ತೀನಿ."

ಮೂವತ್ತೈದು ವರ್ಷ ಭೌತಶಾಸ್ತ್ರವನ್ನು ಬೋಧಿಸಿದವನಿಗೆ ಇಂಥ ಮಾತು ಕೇಳಿ ಸುಮ್ಮನಿರುವುದು ಸಾಧ್ಯವೆ? ಮೂರು ದಿನ ಆ ಯಂತ್ರದ ಕೈಪಿಡಿಯನ್ನೂ ಅದರ ಪೂರ್ವಜರ ಚರಿತ್ರೆಯನ್ನೂ ಓದುತ್ತ ಕುಳಿತೆ. ಓದಿದಷ್ಟೂ ಒಂದು ಹಳೆಯ ತಪ್ಪು ನನ್ನ ನೆನಪಿಗೆ ಬರತೊಡಗಿತು. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಚರಿತ್ರೆ.

ವಿದ್ಯುತ್ ಗಿಟಾರು ಹುಟ್ಟಿದ್ದು ಒಂದು ಸರಳವಾದ ಅಳಲಿನಿಂದ. 1930ರ ಸುಮಾರಿಗೆ ಅಮೆರಿಕದ ನೃತ್ಯಶಾಲೆಗಳಲ್ಲಿ ಕಹಳೆ, ಡ್ರಮ್ಮುಗಳ ನಡುವೆ ಗಿಟಾರಿನ ದನಿ ಯಾರಿಗೂ ಕೇಳಿಸುತ್ತಿರಲಿಲ್ಲ. ಜಾರ್ಜ್ ಬೀಚಮ್ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ಎಂಬವರು ತಂತಿಯ ಬಳಿ ಅಯಸ್ಕಾಂತವನ್ನೂ ತಾಮ್ರದ ಸುರುಳಿಯನ್ನೂ ಇಟ್ಟು, ಉಕ್ಕಿನ ತಂತಿಯ ಕಂಪನವನ್ನು ವಿದ್ಯುತ್ತಾಗಿ ಪರಿವರ್ತಿಸಿದರು. ತೊಡೆಯ ಮೇಲಿಟ್ಟು ನುಡಿಸುವ ಆ ಹವಾಯನ್ ಗಿಟಾರು ನೋಡಲು ಬಾಣಲೆಯಂತಿದ್ದುದರಿಂದ ಜನ ಅದನ್ನು ಬಾಣಲೆಯೆಂದೇ ಕರೆದರು. ಅದಕ್ಕೆ ಪೇಟೆಂಟು ದೊರೆತದ್ದು 1937ರಲ್ಲಿ. ಆ ದುರ್ಬಲ ವಿದ್ಯುತ್ತನ್ನು ಹಿಗ್ಗಿಸಲು ಆಗ ಇದ್ದ ಸಾಧನ ರೇಡಿಯೋಗಳಲ್ಲಿ ಬಳಸುತ್ತಿದ್ದ ವಾಲ್ವ್ ಒಂದೇ.

1938ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಪಟ್ಟಣದಲ್ಲಿ ಲಿಯೋ ಫೆಂಡರ್ ಎಂಬಾತ ರೇಡಿಯೋ ದುರಸ್ತಿಯ ಅಂಗಡಿ ತೆರೆದ. ಗಿಟಾರು ನುಡಿಸಲು ಬಾರದ ಈ ಮನುಷ್ಯ ಮುಂದೆ ಜಗತ್ತೆಲ್ಲ ನುಡಿಸಿದ ಗಿಟಾರುಗಳನ್ನೂ ಆಂಪ್ಲಿಫೈಯರುಗಳನ್ನೂ ತಯಾರಿಸಿದನೆಂಬುದು ಸೋಜಿಗ. ಅವನು 1952ರಲ್ಲಿ ಬೇಸ್ ಗಿಟಾರಿಗೆಂದು ಹೊರತಂದ ಬಾಸ್‌ಮನ್ ಎಂಬ ಆಂಪ್ಲಿಫೈಯರು ಆ ದಶಕದ ಕೊನೆಯ ಹೊತ್ತಿಗೆ ಹತ್ತು ಅಂಗುಲದ ನಾಲ್ಕು ಸ್ಪೀಕರುಗಳುಳ್ಳ, ಬೆನ್ನು ತೆರೆದ ಪೆಟ್ಟಿಗೆಯ ರೂಪ ತಾಳಿತ್ತು. ಬೇಸ್ ನುಡಿಸುವವರಿಗಿಂತ ಗಿಟಾರು ನುಡಿಸುವವರೇ ಅದನ್ನು ಮೆಚ್ಚಿದರು.

ಇತ್ತ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಡ್ರಮ್ ಕಲಿಸುವ ಮೇಷ್ಟರಾಗಿದ್ದ ಜಿಮ್ ಮಾರ್ಷಲ್ 1960ರಲ್ಲಿ ವಾದ್ಯಗಳ ಅಂಗಡಿ ಇಟ್ಟ. (ಮೇಷ್ಟರೊಬ್ಬರು ವ್ಯಾಪಾರದಲ್ಲಿ ಗೆದ್ದ ಅಪರೂಪದ ಪ್ರಸಂಗ!) ಅಮೆರಿಕದ ಯಂತ್ರಗಳು ದುಬಾರಿ. ಕೆನ್ ಬ್ರಾನ್, ಡಡ್ಲಿ ಕ್ರೇವನ್ ಎಂಬಿಬ್ಬರ ನೆರವಿನಿಂದ 1962ರಲ್ಲಿ ಅವನು ಬಾಸ್‌ಮನ್ನಿನ ಮಂಡಲವನ್ನೇ ಬಹುಮಟ್ಟಿಗೆ ಅನುಸರಿಸಿ ತನ್ನದೊಂದನ್ನು ಮಾಡಿಸಿದ. ಆದರೆ ಅದರ ನಾದವೇ ಬೇರೆಯಾಯಿತು. ಇಂಗ್ಲೆಂಡಿನಲ್ಲಿ ಸಿಗುತ್ತಿದ್ದ ವಾಲ್ವುಗಳು ಬೇರೆಯಾದುದು ಒಂದು ಕಾರಣ. ಪೆಟ್ಟಿಗೆ ಬೇರೆಯಾದುದು, ನನ್ನ ಮಟ್ಟಿಗೆ, ಅದಕ್ಕಿಂತ ದೊಡ್ಡ ಕಾರಣ. ಸೆಲೆಶನ್ ಕಂಪನಿಯ ಅಂದಿನ ಹನ್ನೆರಡು ಅಂಗುಲದ ಸ್ಪೀಕರುಗಳು ಹೆಚ್ಚು ವ್ಯಾಟುಗಳನ್ನು ತಾಳುತ್ತಿರಲಿಲ್ಲ. ಎರಡನ್ನು ಹಾಕಿದರೆ ಸುಟ್ಟುಹೋಗುತ್ತಿದ್ದವು. ಆದ್ದರಿಂದ ನಾಲ್ಕನ್ನು ಬೆನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸಿದರು. ಬೆನ್ನು ತೆರೆದಿದ್ದರೆ ಹಿಂದಿನಿಂದ ಹೊರಟ ಅಲೆ ಮುಂದಿನ ಅಲೆಯೊಡನೆ ಸೇರಿ ಮಂದ್ರಸ್ವರಗಳನ್ನು ತಗ್ಗಿಸುತ್ತದೆ. ಮುಚ್ಚಿದಾಗ ಹಾಗಾಗುವುದಿಲ್ಲ, ಎದೆಗೆ ಗುದ್ದುವಂಥ ಗಟ್ಟಿತನ ಬರುತ್ತದೆ. ಮಂಡಲ ಬಹುಪಾಲು ಅದೇ, ಪೆಟ್ಟಿಗೆ ಬದಲು, ವಾದ್ಯವೇ ಬದಲು.

1965ರಲ್ಲಿ ದಿ ಹೂ ತಂಡದ ಪೀಟ್ ಟೌನ್‌ಶೆಂಡ್ ಎಂಟು ಸ್ಪೀಕರುಗಳ ಒಂದೇ ಪೆಟ್ಟಿಗೆ ಬೇಕೆಂದು ಹಟ ಹಿಡಿದನಂತೆ. ಮಾಡಿಯೂ ಕೊಟ್ಟರು. ಹೊರುವ ಆಳುಗಳು ಗೋಳಾಡಿದ ಮೇಲೆ ಅದನ್ನು ಎರಡು ಮಾಡಿ ಒಂದರ ಮೇಲೊಂದು ಇಟ್ಟರು. ರಾಕ್ ಸಂಗೀತದ ಚಿತ್ರಗಳಲ್ಲೆಲ್ಲ ಗೋಡೆಯಂತೆ ಕಾಣುವ ಆ ಜೋಡಿ ಪೆಟ್ಟಿಗೆಗಳ ಹಿಂದಿರುವುದು ಸೌಂದರ್ಯಪ್ರಜ್ಞೆಯಲ್ಲ, ಕೂಲಿಕಾರರ ಬೆನ್ನುನೋವು.

ಈಗ ಕೊಂಚ ಭೌತಶಾಸ್ತ್ರ, ಓದುಗರು ಸಹಿಸಬೇಕು. ನಮ್ಮ ಕಿವಿ ಸುಮಾರು 20 ಹರ್ಟ್ಸಿನಿಂದ 20,000 ಹರ್ಟ್ಸಿನವರೆಗೆ ಕೇಳುತ್ತದೆ. ಗಿಟಾರಿಗೆಂದು ಮಾಡಿದ ಸ್ಪೀಕರಾದರೋ ಸುಮಾರು 5,000 ಹರ್ಟ್ಸ್ ದಾಟಿದೊಡನೆ ಕಡಿದಾಗಿ ಕೈಚೆಲ್ಲುತ್ತದೆ. ಅದಕ್ಕೂ ಮೊದಲು, 2,000ದಿಂದ 4,000ದ ಆಸುಪಾಸಿನಲ್ಲಿ, ಅದು ಕೊಂಚ ಹೆಚ್ಚಾಗಿಯೇ ಕೂಗುತ್ತದೆ. ಮನೆಯಲ್ಲಿ ಸಂಗೀತ ಕೇಳುವ ಸ್ಪೀಕರಿನಲ್ಲಿ ಇವೆರಡೂ ದೋಷ. ಗಿಟಾರಿನಲ್ಲಿ ಇವೇ ಪ್ರಾಣ. ವಾಲ್ವು ತನ್ನ ಮಿತಿಯನ್ನು ಮೀರಿ ದುಡಿದಾಗ ಸ್ವರದ ಅಲೆಯ ತಲೆ ಚಪ್ಪಟೆಯಾಗಿ, ಮೂಲದಲ್ಲಿಲ್ಲದ ಉಪಸ್ವರಗಳು ಹುಟ್ಟುತ್ತವೆ. ಅವುಗಳಲ್ಲಿ ಮೇಲಿನವು ಜೇನ್ನೊಣದ ಗುಂಪಿನಂತೆ ಗೊರಗುಟ್ಟುತ್ತವೆ. ಸ್ಪೀಕರು ಆ ಕರ್ಕಶ ಭಾಗವನ್ನು ಸೋಸಿ ಉಳಿದದ್ದನ್ನು ನಮಗೆ ಕೊಡುತ್ತದೆ. ಎಂದರೆ ಅದು ಧ್ವನಿವರ್ಧಕವಷ್ಟೇ ಅಲ್ಲ, ಸಾರಣಿಗೆ ಕೂಡ.

ಇದಕ್ಕೆ ಆಂಗ್ಲರು ಡಿಸ್ಟಾರ್ಶನ್ ಎನ್ನುತ್ತಾರೆ. ನಾನು ಪಾಠದಲ್ಲಿ ವಿರೂಪಣ ಎನ್ನುತ್ತಿದ್ದೆ, ಮತ್ತು ದೋಷಗಳ ಪಟ್ಟಿಯಲ್ಲಿ ಮೊದಲನೆಯದಾಗಿ ಬರೆಸುತ್ತಿದ್ದೆ. 1964ರಲ್ಲೇ ಕಿಂಕ್ಸ್ ತಂಡದ ಡೇವ್ ಡೇವೀಸ್ ತನ್ನ ಪುಟ್ಟ ಆಂಪ್ಲಿಫೈಯರಿನ ಸ್ಪೀಕರನ್ನು ಬ್ಲೇಡಿನಿಂದ ಸೀಳಿ, ಆ ಹರಕು ಸದ್ದಿನಿಂದಲೇ ಲೋಕವಿಖ್ಯಾತನಾಗಿದ್ದ ಸಂಗತಿ ನನಗೆ ತಿಳಿದಿರಲಿಲ್ಲ.

1979ರಲ್ಲಿ ನಾನಿದ್ದ ಶಾಲೆಯಲ್ಲಿ ಭಾಷಣಗಳಿಗೆಂದು ಒಂದು ವಾಲ್ವ್ ಆಂಪ್ಲಿಫೈಯರು ಇತ್ತು. ಅದರೊಳಗಿನ ವಾಲ್ವುಗಳು ನಮ್ಮ ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್‌ನವು. ಆ ಸಂಸ್ಥೆ 1961ರಿಂದ ರೇಡಿಯೋ ವಾಲ್ವುಗಳನ್ನು ತಯಾರಿಸುತ್ತಿತ್ತು. ಅದರ ಹಳೆಯ ದಾಸ್ತಾನಿನ ವಾಲ್ವುಗಳನ್ನು ಹೊರದೇಶದ ಹವ್ಯಾಸಿಗಳು ಇಂದು ಹುಡುಕಿ ಕೊಳ್ಳುತ್ತಾರೆಂದು ತಿಳಿದು ನನಗೆ ಹೆಮ್ಮೆಯೂ ಸಂಕಟವೂ ಒಟ್ಟಿಗೆ ಆದವು. ಸಂಕಟವೇಕೆಂದರೆ, ಹತ್ತನೆಯ ತರಗತಿಯ ಒಬ್ಬ ಹುಡುಗ ವಾರ್ಷಿಕೋತ್ಸವದ ತಾಲೀಮಿನಲ್ಲಿ ತನ್ನ ಗಿಟಾರಿನ ತಂತಿಯನ್ನು ಆ ಯಂತ್ರಕ್ಕೆ ಸಿಕ್ಕಿಸಿ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ್ದ. ಬಂದ ಸದ್ದಿಗೆ ಅವನ ಮುಖ ಅರಳಿತ್ತು. ನಾನು ಓಡಿಹೋಗಿ ಪ್ಲಗ್ ಕಿತ್ತು, ಎಲ್ಲರೆದುರಿಗೆ, "ಸರ್ಕಾರದ ಸಾಮಾನು ಹಾಳು ಮಾಡ್ತೀಯೇನೋ, ಇದು ಸಂಗೀತವೇನೋ?" ಎಂದು ಗದರಿಸಿದೆ. ಉತ್ಸವದ ದಿನ ಅವನು ವೇದಿಕೆ ಹತ್ತಲಿಲ್ಲ. ಮುಂದಿನ ವರ್ಷ ಊರು ಬಿಟ್ಟ.

ಇರಲಿ, ವಿಷಯಕ್ಕೆ ಬರೋಣ.

ಟ್ರಾನ್ಸಿಸ್ಟರು ಬಂದ ಮೇಲೆ ವಾಲ್ವು ಬಹುತೇಕ ಕಡೆಗಳಿಂದ ನಿರ್ಗಮಿಸಿತು, ಆದರೆ ಗಿಟಾರಿನ ಲೋಕದಲ್ಲಿ ಉಳಿಯಿತು. ಕಾರಣ ಬರಿಯ ಹಳೆಯದರ ಮೋಹವಲ್ಲ. ಸ್ಪೀಕರಿನ ಪ್ರತಿರೋಧವನ್ನು 8 ಓಮ್ ಎಂದು ಬರೆದಿರುತ್ತಾರಾದರೂ ಅದು ಎಲ್ಲ ಸ್ವರಕ್ಕೂ 8 ಅಲ್ಲ. ಕೋನಿನ ಸಹಜ ಅನುರಣನದ ಮಂದ್ರಸ್ವರದಲ್ಲಿ ಹಲವು ಪಟ್ಟು ಏರುತ್ತದೆ, ತಾರಕ್ಕೆ ಹೋದಂತೆ ಮತ್ತೆ ಏರುತ್ತದೆ. ಟ್ರಾನ್ಸಿಸ್ಟರಿನ ಪವರ್ ಆಂಪು ಸಾಮಾನ್ಯವಾಗಿ ಇದನ್ನು ಲೆಕ್ಕಿಸದೆ ಎಲ್ಲ ಸ್ವರಕ್ಕೂ ಒಂದೇ ವೋಲ್ಟೇಜನ್ನು ಕೊಡುತ್ತದೆ. ವಾಲ್ವಿನದು ಸ್ಪೀಕರಿನ ಏರಿಳಿತಕ್ಕೆ ಬಾಗುತ್ತದೆ. ಎಲ್ಲಿ ಪ್ರತಿರೋಧ ಹೆಚ್ಚೋ ಅಲ್ಲಿ ಹೆಚ್ಚು ಕೊಡುತ್ತದೆ. ಹೀಗೆ ಆಂಪು ಮತ್ತು ಪೆಟ್ಟಿಗೆ ಪರಸ್ಪರ ಮಾತನಾಡುತ್ತವೆ. ಮಂಡಲದ ಚಿತ್ರದಲ್ಲಿ ಈ ಸಂಭಾಷಣೆ ಕಾಣುವುದಿಲ್ಲ.

ಇದನ್ನೆಲ್ಲ ಗಣಿತದಿಂದ ಅನುಕರಿಸುವ ಸಾಹಸ 1990ರ ದಶಕದ್ದು. ಕ್ಯಾಲಿಫೋರ್ನಿಯಾದ ಲೈನ್ 6 ಕಂಪನಿ 1996ರಲ್ಲಿ ತಂದ ಮೊದಲ ಡಿಜಿಟಲ್ ಮಾಡೆಲಿಂಗ್ ಆಂಪಿಗೆ ತನ್ನದೇ ಎರಡು ಸ್ಪೀಕರುಗಳ ಪೆಟ್ಟಿಗೆ ಇತ್ತು. 1998ರಲ್ಲಿ ಅದೇ ಕಂಪನಿ ಪಾಡ್ ಎಂಬ, ಹುರುಳಿಕಾಯಿಯ ಬೀಜದಾಕಾರದ ಕೆಂಪು ಯಂತ್ರವನ್ನು ತಂದಾಗ ಪೆಟ್ಟಿಗೆ ಮಾಯವಾಯಿತು. ಸ್ಪೀಕರನ್ನೂ ಅದರೆದುರಿನ ಮೈಕನ್ನೂ ಲೆಕ್ಕದಿಂದಲೇ ತೋರಿಸಿ ನೇರವಾಗಿ ಧ್ವನಿಮುದ್ರಣಕ್ಕೆ ಕೊಡುತ್ತಿತ್ತು. ನಂತರ 2006ರಲ್ಲಿ ಫ್ರಾಕ್ಟಲ್ ಆಡಿಯೋದ ಆಕ್ಸ್ ಎಫ್‌ಎಕ್ಸ್, 2011ರಲ್ಲಿ ಜರ್ಮನಿಯ ಕೆಂಪರ್. ಇವುಗಳ ಕಾಲಕ್ಕೆ ಪೆಟ್ಟಿಗೆಯ ಅನುಕರಣೆಗೆ ಇಂಪಲ್ಸ್ ರೆಸ್ಪಾನ್ಸ್ ಎಂಬ ವಿಧಾನ ರೂಢವಾಗಿತ್ತು. ಖಾಲಿ ಕಲ್ಯಾಣಮಂಟಪದಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ, ಅದರ ಮಾರ್ದನಿಯನ್ನು ಹಿಡಿದಿಟ್ಟುಕೊಂಡರೆ ಮುಂದೆ ಯಾವ ಸದ್ದಿಗಾದರೂ ಆ ಮಂಟಪದ ಛಾಯೆಯನ್ನು ಲೇಪಿಸಬಹುದಲ್ಲವೆ? ಹಾಗೆಯೇ ಇದು ಪೆಟ್ಟಿಗೆಯ ಮಾರ್ದನಿ.

2013ರ ಡಿಸೆಂಬರಿನಲ್ಲಿ ಮೆಟಾಲಿಕಾ ತಂಡ ಅಂಟಾರ್ಕ್ಟಿಕಾದ ಕಾರ್ಲಿನಿ ನೆಲೆಯಲ್ಲಿ ಪೆಟ್ಟಿಗೆಗಳ ಅಬ್ಬರವಿಲ್ಲದೆ ಕಛೇರಿ ನಡೆಸಿ, ಶ್ರೋತೃಗಳಿಗೆ ಹೆಡ್‌ಫೋನುಗಳಲ್ಲಿ ಕೇಳಿಸಿತು. ಇನ್ನು ಪೆಟ್ಟಿಗೆಯ ಯುಗ ಮುಗಿಯಿತೆಂದೇ ತೋರಬೇಕಿತ್ತು. ಆದರೆ ಮುಗಿಯಲಿಲ್ಲ. ಹೆಡ್‌ಫೋನಿನಲ್ಲಿ ಬರುವುದು ಮೈಕ್ ಕೇಳಿದ ಪೆಟ್ಟಿಗೆ. ವೇದಿಕೆಯ ಮೇಲೆ ಪ್ಯಾಂಟಿನ ಕಾಲು ಅದುರುವಂತೆ ಗಾಳಿಯನ್ನು ತಳ್ಳುವುದು ನಿಜವಾದ ಪೆಟ್ಟಿಗೆ. ನುಡಿಸುವವರು ಮಾಡೆಲರನ್ನು ಹಿಡಿದುಕೊಂಡೇ ಪೆಟ್ಟಿಗೆಯ ಬಳಿಗೆ ಹಿಂತಿರುಗಿದರು. ಕೆಂಪರ್ ಕಂಪನಿಯೇ ತನ್ನ ಯಂತ್ರದೊಳಗೆ 600 ವ್ಯಾಟಿನ ಹಗುರವಾದ ಪವರ್ ಆಂಪನ್ನಿಟ್ಟು ಮಾರಿತು. 2020ರಲ್ಲಿ ಸೆಲೆಶನ್‌ನೊಡನೆ ಕೂಡಿ, ಹಲವು ಸ್ಪೀಕರುಗಳನ್ನು ಅನುಕರಿಸಬಲ್ಲ ಒಂದು ಪೆಟ್ಟಿಗೆಯನ್ನೂ ತಂದಿತು.

ಮೊಮ್ಮಗನ ತೊಡಕಿನ ಮೂಲ ಇಲ್ಲೇ ಇತ್ತು. ಅವನ ಮಾಡೆಲರಿನೊಳಗೆ ಲೆಕ್ಕದ ಪೆಟ್ಟಿಗೆಯೊಂದು ಸದಾ ಚಾಲ್ತಿಯಲ್ಲಿತ್ತು. ಅದು ಒಮ್ಮೆ ಸೋಸಿದ ಸದ್ದನ್ನು ಮರದ ಪೆಟ್ಟಿಗೆ ಮತ್ತೊಮ್ಮೆ ಸೋಸುತ್ತಿತ್ತು. ಜೊತೆಗೆ ತಂತಿಯನ್ನು ಹಳೆಯ ಆಂಪಿನ ಮುಂದಿನ ತೂತಿಗೆ ಸಿಕ್ಕಿಸಿದ್ದರಿಂದ ಆ ಆಂಪಿನ ಮೊದಲ ಹಂತವೂ ತನ್ನ ಬಣ್ಣ ಬಳಿಯುತ್ತಿತ್ತು. ಬೆನ್ನಿನಲ್ಲಿ ರಿಟರ್ನ್ ಎಂದು ಬರೆದ ತೂತಿಗೆ ಹಾಕಿದರೆ ಸಂಕೇತ ನೇರವಾಗಿ ಪವರ್ ಆಂಪಿನ ಹಂತಕ್ಕೆ ಹೋಗುತ್ತದೆ. ಅದು ಟ್ರಾನ್ಸಿಸ್ಟರಿನದಾದ್ದರಿಂದ ವಾಲ್ವ್ ಪವರ್ ಆಂಪಿನ ಅನುಕರಣೆಯನ್ನು ಮಾಡೆಲರಿನಲ್ಲಿ ಹಾಗೆಯೇ ಬಿಟ್ಟು, ಪೆಟ್ಟಿಗೆಯ ಅನುಕರಣೆಯನ್ನು ಮಾತ್ರ ಆರಿಸಬೇಕು. ಪವರ್ ಆಂಪು ವಾಲ್ವಿನದೇ ಆಗಿದ್ದರೆ ಎರಡನ್ನೂ ಆರಿಸಿ ಕೇಳಿ ನೋಡುವುದು ಲೇಸು. ಸಭಾಂಗಣದ ದೊಡ್ಡ ಸ್ಪೀಕರುಗಳಿಗೆ ಹೋಗುವ ತಂತಿಗೆ ಮಾತ್ರ ಎರಡೂ ಇರಲೇಬೇಕು, ಇಲ್ಲದಿದ್ದರೆ ಜೇನ್ನೊಣಗಳು ಎದ್ದಾವು. ಅವನ ಹಲಗೆಗೆ ಎರಡು ನಿರ್ಗಮಗಳಿದ್ದುದರಿಂದ ಒಂದನ್ನು ಹಾಗೆ, ಇನ್ನೊಂದನ್ನು ಹೀಗೆ ಹೊಂದಿಸಿದೆವು.

ಓಮ್‌ಗಳ ವಿಷಯದಲ್ಲಿ ಅವನಿಗೆ ಬೇರೆಯಾಗಿ ಪಾಠ ಮಾಡಿದೆ. 8 ಓಮಿನ ಎರಡು ಪೆಟ್ಟಿಗೆ ಸಮಾಂತರವಾಗಿ ಸೇರಿದರೆ 4 ಓಮ್. ಆಂಪಿನ ಬೆನ್ನಿನಲ್ಲಿ ಬರೆದ ಕನಿಷ್ಠಕ್ಕಿಂತ ಕೆಳಗಿಳಿದರೆ ಟ್ರಾನ್ಸಿಸ್ಟರು ಸುಡುತ್ತದೆ. ವಾಲ್ವಿನದಾದರೆ ಪೆಟ್ಟಿಗೆ ಜೋಡಿಸದೆ ನುಡಿಸಲೇಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗಿಬಿಡಬಹುದು. ಹೆಚ್ಚು ಸದ್ದಿಗೆ ದೊಡ್ಡ ಆಂಪು ಕೊಳ್ಳುತ್ತೇನೆಂದ. ವ್ಯಾಟು ಇಮ್ಮಡಿಯಾದರೆ ಮೂರೇ ಡೆಸಿಬೆಲ್ ಏರುತ್ತದೆ, ಕಿವಿಗೆ ಸದ್ದು ಇಮ್ಮಡಿಯೆನಿಸಲು ಸುಮಾರು ಹತ್ತು ಪಟ್ಟು ವ್ಯಾಟು ಬೇಕು, ಆ ಹಣದಲ್ಲಿ ಒಳ್ಳೆಯ ಸ್ಪೀಕರು ತೆಗೆದುಕೋ ಎಂದೆ. ಸ್ಪೀಕರಿನ ನೇರ ಮುಂದೆ ಕುಕ್ಕರಗಾಲಲ್ಲಿ ಕುಳಿತು ಸದ್ದನ್ನು ಅಳೆಯಬಾರದು, ತಾರಸ್ವರಗಳು ಟಾರ್ಚಿನ ಬೆಳಕಿನಂತೆ ನೆಟ್ಟಗೆ ಹೋಗುತ್ತವೆ, ಪಕ್ಕಕ್ಕೆ ನಿಂತೂ ಕೇಳು ಎಂದೂ ಹೇಳಿದೆ.

ಅಂದು ಸಂಜೆ ತಂತಿ ಬದಲಿಸಿ, ಗುಂಡಿ ಆರಿಸಿ ಒಂದು ಸ್ವರ ಮೀಟಿದ. ಕಂಬಳಿ ಹೋಗಿತ್ತು. ಷೋಕೇಸಿನ ಗಾಜು ಗುಯ್ಗುಟ್ಟಿತು. ಅವನ ಮುಖವನ್ನು ನೋಡಿದೆ. ಆ ಮುಖವನ್ನು ನಾನು ಹಿಂದೊಮ್ಮೆ ಕಂಡಿದ್ದೆ.

"ಭಾಷಣದ ಹಳೇ ವಾಲ್ವ್ ಸೆಟ್ಟಿನ ಥರ ಏನಾದ್ರೂ ಇದೆಯೇನೋ ಇದರಲ್ಲಿ?" ಎಂದು ಕೇಳಿದೆ.

ಅವನು ಆಶ್ಚರ್ಯದಿಂದ ನೋಡಿ, ಪರದೆಯಲ್ಲಿ ಬಹಳ ಹೊತ್ತು ಹುಡುಕಿ, 1950ರ ದಶಕದ ಪುಟ್ಟ ಆಂಪಿನ ಮಾದರಿಯೊಂದನ್ನು ತೆಗೆದ. "ಎಷ್ಟು ಇಡ್ಲಿ ತಾತ?" ಎಂದ. ಕೊನೆಯವರೆಗೆ ತಿರುಗಿಸು ಎಂದೆ. ಪಕ್ಕದ ಮನೆಯವರು ಬಂದು ಬಾಗಿಲು ತಟ್ಟುವವರೆಗೂ ಅವನು ನುಡಿಸಿದ. ಪ್ಲಗ್ಗು ನನ್ನ ಕುರ್ಚಿಯ ಪಕ್ಕದಲ್ಲೇ ಇತ್ತು.